ಹ್ಯಾಂಡ್ ಲಾಕ್ ಹಾಕಬೇಡಿ

ಕಬ್ಬಿಣದ ರಾಡು ನನ್ನ ಕಿವಿಯ ಪಕ್ಕದಲ್ಲೇ ಬೀಸಿಕೊಂಡು ಹೋಯಿತು.

ಎರಡನೇ ಏಟಿಗೆ ಕಾಯಲಿಲ್ಲ. ಬಗ್ಗಿದೆ. ಕಾಲ ಕೆಳಗಿನ ಬೂದುಮಣ್ಣು ಜಾರಿತು... ಸೈನೈಡ್ ದಿಬ್ಬದ ಇಳಿಜಾರಿನಲ್ಲಿ ಹತ್ತಡಿ ಉರುಳಿದೆ. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೇ ಉರುಳಿದೆ. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಗುಡ್ಡ ಅದು. ಕೆ.ಜಿ.ಎಫ್‌ನಲ್ಲಿ ಹುಟ್ಟಿದವರು ಯಾರೂ ಅದನ್ನು ಬಾಯಿಗೆ ಬಿಟ್ಟುಕೊಳ್ಳುವುದಿಲ್ಲ.

ಮೇಲೆ ನಿಂತಿದ್ದವನು ವೆಂಕಿ. ಆರು ವರ್ಷ ನನ್ನ ಜೊತೆ ಕೆಲಸ ಮಾಡಿದವನು. ನನ್ನ ತಟ್ಟೆಯಲ್ಲೇ ಕೈ ಹಾಕಿ ಉಂಡವನು.

"ವೇಂಡಾಂ ಅಣ್ಣಾ. ಬ್ಯಾಡ ಅಂತ ಏಳ್ದೆ ತಾನೆ? ವಾಪಸ್ ಓಗು."

"ಓಗ್ತೀನಿ. ನೀನೂ ಬಾ."

"ಎಲ್ಲಿಗೆ?"

"ಸ್ಟೇಷನ್‌ಗೆ."

ಅವನು ನಕ್ಕ. ರಾಡು ಮತ್ತೆ ಮೇಲೆದ್ದಿತು.

ಟೈಮ್ ಮಧ್ಯಾಹ್ನ ಎರಡೂವರೆ. ಐದು ಗಂಟೆಗೆ ವೇಣು ಎಂಬ ಬಡಪಾಯಿಯನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ಸೀದಾ ಜೈಲು. ಕಳ್ಳತನ ಮಾಡಿದ್ದು ವೆಂಕಿ, ಒಳಗೆ ಹೋಗುವವನು ವೇಣು.

ತಾಳಿ ಸಾರ್, ಮೊದಲಿನಿಂದ ಹೇಳುತ್ತೇನೆ. ಹೊಸ ಬೈಕ್ ತೆಗೆದುಕೊಂಡಿದ್ದೇನೆ, ಯಾವ ಲಾಕ್ ಹಾಕಿಸಲಿ ಅಂತ ಕೇಳಿದಿರಿ. ಬರೀ ಲಾಕಿನ ಹೆಸರು ಹೇಳಿ ಕಳಿಸಿದರೆ ನಿಮಗೆ ಬುದ್ಧಿ ಬರುವುದಿಲ್ಲ.

ನನ್ನ ಹೆಸರು ಸೆಲ್ವರಾಜ್. ಮನೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಮೈಸೂರು ಮೈನ್ಸ್ ಲೈನ್‌ನಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದ. ಗಣಿ ಮುಚ್ಚಿತು, ಅಪ್ಪನೂ ಹೋದ. ನನ್ನ ಕೆಲಸ ಕಳೆದುಹೋದ ಬೈಕ್ ಹುಡುಕಿಕೊಡುವುದು. ಬೋರ್ಡ್ ಇಲ್ಲ, ಆಫೀಸ್ ಇಲ್ಲ. ಸ್ಟೇಷನ್‌ಗೆ ಅಲೆದು ಅಲೆದು ಚಪ್ಪಲಿ ಸವೆದವರು ಕೊನೆಗೆ ನನ್ನ ಹತ್ತಿರ ಬರುತ್ತಾರೆ.

ಆವತ್ತು ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ ಅಮ್ಮಾಜಮ್ಮ ಬಂದಳು. ಬೂದಿಕೋಟೆ ಕಡೆಯ ಹಳ್ಳಿಯವಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಬಂದವಳು ಕೂರಲಿಲ್ಲ, ನೀರು ಕೊಟ್ಟರೂ ಮುಟ್ಟಲಿಲ್ಲ.

"ನನ್ ಮಗ ಕಳ್ಳ ಅಲ್ಲ ನಾಯ್ನಾ."

"ಎಲ್ಲಾ ಅಮ್ಮಂದಿರೂ ಅಂಗೇ ಏಳ್ತಾರೆ. ಏನಾಯ್ತು ಏಳಮ್ಮಾ."

ಅವಳು ಹೇಳಿದ್ದು ಇಷ್ಟು. ಮಗ ವೇಣು ದಿನಾ ಬೆಳಿಗ್ಗೆ ಬೈಕಿನಲ್ಲಿ ಬಂಗಾರಪೇಟೆಗೆ ಹೋಗುತ್ತಾನೆ. ಬೈಕನ್ನು ಚಿಕ್ಕವೆಂಕಟಪ್ಪ ಎಂಬವನ ಸ್ಟ್ಯಾಂಡಿನಲ್ಲಿ ಬಿಟ್ಟು ಬೆಂಗಳೂರಿನ ಟ್ರೈನ್ ಹಿಡಿಯುತ್ತಾನೆ. ವೈಟ್‌ಫೀಲ್ಡ್ ಗೋಡೌನ್‌ನಲ್ಲಿ ಲೋಡಿಂಗ್ ಕೆಲಸ. ಸೋಮವಾರ ಸಂಜೆ ವಾಪಸ್ ಬಂದರೆ ಬೈಕ್ ಇಲ್ಲ. ಮಂಗಳವಾರ ಅದೇ ಬೈಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಬಂದ ಒಬ್ಬ, ಅಕ್ಕಯ್ಯಮ್ಮ ಎಂಬ ಮುದುಕಿಯ ಸರ ಕಿತ್ತ. ನೋಡಿದವರು ಬೈಕಿನ ನಂಬರ್ ಬರೆದುಕೊಂಡರು. ಮುದುಕಿ ಬಿದ್ದಳು. ತಲೆಗೆ ಏಟು. ಕೋಲಾರದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಬುಧವಾರ ವೇಣು ಹೋಗಿ ಬೈಕ್ ಕಳುವಾಗಿದೆ ಅಂತ ಕಂಪ್ಲೇಂಟ್ ಕೊಟ್ಟ. ಗುರುವಾರ ಬೈಕ್ ಒಂದು ಕೆರೆ ಏರಿಯ ಪಕ್ಕ ಸಿಕ್ಕಿತು. ಅವತ್ತೇ ಸಂಜೆ ಆರಕ್ಕೆ ವೇಣುವನ್ನು ಒಳಗೆ ಹಾಕಿದರು.

"ಸೋಮವಾರ ಕಳ್ದೋಗಿದ್ದಕ್ಕೆ ಬುಧವಾರದ ತಂಕ ಯಾಕಮ್ಮಾ ಸುಮ್ನಿದ್ದ?"

"ಆ ಚಿಕ್ಕವೆಂಕಟಪ್ಪ ಏಳ್ದ ನಾಯ್ನಾ. ಯಾರೋ ಗಾಡಿ ಅದ್ಲುಬದ್ಲು ಮಾಡ್ಕೊಂಡವ್ರೆ, ಎರಡು ದಿನ ತಡಿ, ಬತ್ತದೆ ಅಂದ."

"ಲಾಕ್ ಆಕಿದ್ನಾ?"

ಅವಳು ನೆಲ ನೋಡಿದಳು.

"ಇಲ್ಲ. ಆದ್ರೆ ಕಂಪ್ಲೇಂಟ್‌ನಾಗೆ ಆಕಿದ್ದೆ ಅಂತ ಬರ್ಸವ್ನೆ. ಅದನ್ನೂ ಅವನೇ ಏಳ್ಕೊಟ್ಟಿದ್ದು. ಲಾಕ್ ಆಕಿಲ್ಲ ಅಂದ್ರೆ ಪೊಲೀಸ್ನೋರು ಕಂಪ್ಲೇಂಟೇ ತಗೊಳಲ್ಲ ಅಂದ್ನಂತೆ."

ಉಳಿದದ್ದನ್ನೂ ಅವಳಿಂದಲೇ ಕೇಳಿ ತಿಳಿದುಕೊಂಡೆ. ಬೈಕ್ ಸಿಕ್ಕಾಗ ಲಾಕ್ ಸರಿಯಾಗಿಯೇ ಇತ್ತು. ವೈರ್ ಕತ್ತರಿಸಿರಲಿಲ್ಲ. ಕೀ ವೇಣುವಿನ ಜೇಬಿನಲ್ಲಿತ್ತು. ಲಾಕ್ ಹಾಕಿದ್ದೆ ಅಂತ ಅವನೇ ಸಹಿ ಮಾಡಿ ಕೊಟ್ಟಿದ್ದ. ಇನ್ನೇನು ಬೇಕು? ಎಸ್.ಐ. ಆದಿನಾರಾಯಣ ಯೋಚಿಸಿದ್ದು ಬಹಳ ಸಿಂಪಲ್. ಲಾಕ್ ಹಾಕಿದ್ದ, ಲಾಕ್ ಒಡೆದಿಲ್ಲ, ಹಾಗಾದರೆ ಕೀ ಕೊಟ್ಟವನು ಇವನೇ. ಗಾಡಿ ಕೊಟ್ಟು ಕೆಲಸ ಮುಗಿಸಿ, ಆಮೇಲೆ ಬಂದು ಕಂಪ್ಲೇಂಟಿನ ನಾಟಕ ಆಡಿದ್ದಾನೆ. ಅವನ ಕುರ್ಚಿಯಲ್ಲಿ ನಾನಿದ್ದರೂ ಹಾಗೇ ಯೋಚಿಸುತ್ತಿದ್ದೆ.

"ಇವತ್ತು ಐದು ಗಂಟೆಗೆ ಕೋರ್ಟಿಗೆ ಕರ್ಕೊಂಡೋಯ್ತಾರಂತೆ. ಅವನ ಎದೆ ಗಟ್ಟಿ ಇಲ್ಲ ನಾಯ್ನಾ. ನಿನ್ನೆಯಿಂದ ಒಂದು ತೊಟ್ಟು ನೀರು ಕುಡ್ದಿಲ್ಲ. ಜೈಲಿಗೆ ಓದ್ರೆ ನನ್ ಮಗ ಜೀವಂತ ವಾಪಸ್ ಬರಲ್ಲ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಏನಾದರೂ ನೆಪ ಹೇಳಿ ಕಳಿಸಿಬಿಡುತ್ತಿದ್ದೆನೇನೋ.

"ನೀನು ಬಂಗಾರಪೇಟೆ ಪೊಲೀಸ್ ಸ್ಟೇಷನ್ ಅತ್ರ ಓಗಿ ಕೂತ್ಕೊಳಮ್ಮಾ. ಐದರೊಳಗೆ ಬತ್ತೀನಿ."

ಬಂಗಾರಪೇಟೆ. ಹನ್ನೊಂದೂವರೆ.

ಚಿಕ್ಕವೆಂಕಟಪ್ಪನ ಸ್ಟ್ಯಾಂಡ್ ಅಂದರೆ ತಗಡಿನ ಶೀಟಿನ ಕೆಳಗೆ ನಾನೂರು ಬೈಕ್. ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ನಿಲ್ಲಿಸಿರುತ್ತಾರೆ. ಗೇಟಿನ ಮೇಲೆ ಕೆಂಪು ಪೇಂಟಿನಲ್ಲಿ ಬರೆದಿದೆ... 'ಹ್ಯಾಂಡ್ ಲಾಕ್ ಹಾಕಬೇಡಿ'.

ನಗಬೇಡಿ. ಇಲ್ಲಿಯ ರೂಢಿ ಅದು. ಬೆಳಿಗ್ಗೆ ಟ್ರೈನಿಗೆ ಓಡುವವನು ಬೈಕನ್ನು ಗೇಟಿನಲ್ಲೇ ನಿಲ್ಲಿಸಿ, ಟೋಕನ್ ಕಿತ್ತುಕೊಂಡು ಓಡುತ್ತಾನೆ. ಆಮೇಲೆ ಸ್ಟ್ಯಾಂಡಿನವರು ಒಂದೊಂದನ್ನೇ ತಳ್ಳಿ ಒತ್ತೊತ್ತಾಗಿ ಜೋಡಿಸುತ್ತಾರೆ. ಹ್ಯಾಂಡಲ್ ತಿರುಗಿಸಿ ಲಾಕ್ ಹಾಕಿದ್ದರೆ ತಳ್ಳಲು ಆಗುವುದಿಲ್ಲ. ಲಾಕ್ ಹಾಕಿದವನಿಗೆ ಸಂಜೆ ಬೈಗುಳ. ಎರಡನೇ ಸಲ ಹಾಕಿದರೆ ಟಯರಿನಲ್ಲಿ ಗಾಳಿ ಇರುವುದಿಲ್ಲ. ಹೀಗಾಗಿ ನಾನೂರು ಜನ ದಿನಾ ತಮ್ಮ ಕೈಯಾರೆ ಬೈಕುಗಳನ್ನು ಲಾಕ್ ಇಲ್ಲದೆ ಬಿಟ್ಟು ಬೆಂಗಳೂರಿಗೆ ಹೋಗುತ್ತಾರೆ.

ಚಿಕ್ಕವೆಂಕಟಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ.

"ಸೋಮವಾರ ವೇಣು ಗಾಡಿ ಯಾರು ತಗೊಂಡೋಗಿದ್ದು?"

"ಯಾವ ವೇಣು? ದಿನಾ ನಾನೂರು ಗಾಡಿ ಬತ್ತವೆ."

"ಕ್ಯಾಮೆರಾ ನೋಡಾಣ."

"ಕ್ಯಾಮೆರಾ ಅದೆ. ವೈರ್ ಇಲ್ಲ."

"ಸರಿ. ಎಸ್.ಐ. ಮುಂದೆ ಬಂದು ಒಂದು ಮಾತು ಏಳು. ಇಲ್ಲಿ ಯಾರೂ ಲಾಕ್ ಆಕಲ್ಲ ಅಂತ."

"ನಂಗೇನು ತಲೆ ಕೆಟ್ಟದಾ? ನಾಳೆಯಿಂದ ಕಳ್ದೋದ ಗಾಡಿಗೆಲ್ಲಾ ನನ್ ಮೇಲೇ ಕೇಸ್ ಆಕ್ತಾರೆ. ನಡೀಲಾ ಆಚೆ."

ಅವನು ಸಿಳ್ಳೆ ಹಾಕಿದ. ಒಳಗಿಂದ ಇಬ್ಬರು ಬಂದರು. ಒಬ್ಬ ಕೈಗೆ ಸೈಕಲ್ ಚೈನ್ ಸುತ್ತಿಕೊಳ್ಳುತ್ತಿದ್ದ.

ನಾನು ಆಚೆ ಹೋಗಲಿಲ್ಲ. ಒಳಗೆ ಹೋದೆ. ಬೈಕುಗಳನ್ನು ಹೊರಗೆ ತೆಗೆಯುವ ದಾರಿಗೆ ಅಡ್ಡವಾಗಿ ಒಂದು ಹಳೇ ಬೈಕ್ ಎಳೆದು ನಿಲ್ಲಿಸಿದೆ. ಜೇಬಿನಿಂದ ಒಂದು ಕೀ ತೆಗೆದೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ.

ಕ್ಲಿಕ್.

ಪಕ್ಕಕ್ಕೆ ಇನ್ನೊಂದು ಎಳೆದೆ. ಕ್ಲಿಕ್. ಇನ್ನೊಂದು... ಕ್ಲಿಕ್.

"ಏನ್ಲಾ ಮಾಡ್ತಿದೀಯಾ?"

"ಲಾಕ್ ಆಕ್ತಿದೀನಿ. ನಿನ್ ಬೋರ್ಡ್ ನಂಗೆ ಓದಕ್ಕೆ ಬರಲ್ಲ. ಸಂಜೆ ಟ್ರೈನ್ ಇಳಿದು ನಾನೂರು ಜನ ಬತ್ತಾರೆ. ಒಂದು ಗಾಡಿನೂ ಆಚೆ ಬರಲ್ಲ. ಅವರಿಗೇನು ಏಳ್ತೀಯಾ ಅಂತ ಈಗ್ಲೇ ಯೋಚ್ನೆ ಮಾಡಿಟ್ಕೋ."

ಸೈಕಲ್ ಚೈನ್ ನನ್ನ ಹೆಗಲಿಗೆ ಬಿತ್ತು. ಅಂಗಿ ಹರಿಯಿತು, ಚರ್ಮವೂ ಹರಿಯಿತು. ಹಲ್ಲು ಕಚ್ಚಿ ಐದನೇ ಬೈಕಿಗೆ ಲಾಕ್ ಹಾಕಿದೆ. ಚೈನ್ ಮತ್ತೆ ಮೇಲೆದ್ದಿತು.

"ತಡೀಲಾ," ಅಂದ ಚಿಕ್ಕವೆಂಕಟಪ್ಪ. ಅವನು ನೋಡುತ್ತಿದ್ದದ್ದು ನನ್ನ ಮುಖ ಅಲ್ಲ, ಕೈಯಲ್ಲಿದ್ದ ಕೀ.

"ಅಂಥದೇ ಕೀ ಅವನತ್ರಾನೂ ಇತ್ತು."

"ಯಾರತ್ರ?"

"ನಿನ್ ವೆಂಕಿ. ಸೋಮವಾರ ಬಂದಿದ್ದ. ಫೈನಾನ್ಸ್‌ನೋರು ಕಳ್ಸವ್ರೆ, ಸೀಜ್ ಮಾಡ್ಬೇಕು ಅಂದ. ನಾನು ಬಿಟ್ಟೆ. ಮೊದ್ಲು ನೀವಿಬ್ರೂ ಅಂಗೇ ತಾನೆ ತಗೊಂಡೋಯ್ತಿದ್ದಿದ್ದು? ಈಗ ನಾಟಕ ಆಡ್ಬೇಡ."

ಕೀಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

ಈಗ ನಿಮಗೆ ನಿಜ ಹೇಳಬೇಕು ಸಾರ್. ಆರು ವರ್ಷ ನಾನು, ವೆಂಕಿ ಇಬ್ಬರೂ ಸೀಜಿಂಗ್ ಕೆಲಸ ಮಾಡಿದ್ದೆವು. ಕಂತು ಕಟ್ಟದವರ ಬೈಕ್ ಎತ್ತಿಕೊಂಡು ಬರುವುದು. ಆ ಕೀ ನಾನೇ ಉಜ್ಜಿ ಉಜ್ಜಿ ಮಾಡಿದ್ದು. ವರ್ಷಗಟ್ಟಲೆ ತಿರುಗಿಸಿ ಸವೆದ ಹಳೇ ಲಾಕುಗಳು ಅದಕ್ಕೆ ಬಗ್ಗುತ್ತವೆ. ಹೇಗೆ ಮಾಡಿದೆ ಅಂತ ಕೇಳಬೇಡಿ, ಹೇಳುವುದಿಲ್ಲ. ಮಾಡಿದ್ದು ಎರಡು. ಒಂದು ನನ್ನ ಹತ್ತಿರ ಇತ್ತು, ಇನ್ನೊಂದನ್ನು ವೆಂಕಿಯ ಕೈಗೆ ನಾನೇ ಕೊಟ್ಟಿದ್ದೆ. ಎತ್ತಿದ ಬೈಕುಗಳಿಗೆಲ್ಲ ಆರ್ಡರ್ ಇತ್ತಾ? ಇರಲಿಲ್ಲ. ಕೆಲವನ್ನು ಸುಮ್ಮನೆ ಎತ್ತಿದೆವು, ಮಾರಿದೆವು. ಆಮೇಲೆ ನಾನು ಬಿಟ್ಟೆ. ಅವನು ಬಿಡಲಿಲ್ಲ. ಕಳ್ಳರ ದಾರಿ ನನಗೆ ಹೇಗೆ ಗೊತ್ತು ಅಂತ ಇಷ್ಟು ವರ್ಷ ನನ್ನನ್ನು ಯಾರೂ ಕೇಳಿರಲಿಲ್ಲ.

ಐದೂ ಬೈಕಿನ ಲಾಕ್ ತೆಗೆದು ಹೊರಟೆ. ಟ್ರೈನ್ ಇಳಿದು ಬರುವವರು ನನಗೇನು ಮಾಡಿದ್ದರು?

ಕೆ.ಜಿ.ಎಫ್‌ನ ಆಂಡರ್ಸನ್‌ಪೇಟೆಯಲ್ಲಿ ವೆಂಕಿಯ ಮನೆ. ಬಾಗಿಲಲ್ಲಿ ಅವನ ಹೆಂಡತಿ ಕಲ್ಪನ ನಿಂತಿದ್ದಳು.

"ಎಲ್ಲವ್ನೆ?"

"ದಿಬ್ಬದ ಕಡೆ ಓದ. ಮೂರು ದಿನ ಆಯ್ತು ಅಣ್ಣಾ, ಊಟ ಸೇರಲ್ಲ, ಮಾತಾಡಲ್ಲ. ಏನಾಗದೆ ಅವನಿಗೆ?"

ನಾನು ಬೈಕ್ ತಿರುಗಿಸಿದೆ.

ದಿಬ್ಬದ ಕೆಳಗೆ, ಮಣ್ಣಿನ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಹತ್ತಿದೆ. ವೆಂಕಿ ನನ್ನನ್ನು ನೋಡಿದ. ನಾನು ಯಾಕೆ ಬಂದಿದ್ದೇನೆ ಅಂತ ನೋಡಿದ ತಕ್ಷಣ ಅವನಿಗೆ ಗೊತ್ತಾಯಿತು. ಪಕ್ಕದಲ್ಲೇ ಇದ್ದ ರಾಡು ಎತ್ತಿಕೊಂಡ. ಅಲ್ಲಿಂದ ಮುಂದಿನದು ಆಗಲೇ ಹೇಳಿದ್ದೇನೆ.

ಎರಡನೇ ಏಟು ಬೀಸಲು ಅವನು ಇಳಿದು ಬಂದ. ಒಂದು ಹಿಡಿ ಬೂದುಮಣ್ಣು ಅವನ ಕಣ್ಣಿಗೆ ಎರಚಿದೆ. ಮೊಣಕಾಲಿಗೆ ಒದ್ದೆ. ರಾಡು ಉರುಳಿಹೋಯಿತು. ಅವನ ಎದೆಯ ಮೇಲೆ ಕೂತೆ.

"ಯಾಕ್ಲಾ ಮಾಡ್ದೆ?"

"ಬೀಳ್ತಾಳೆ ಅಂತ ಗೊತ್ತಿರ್ಲಿಲ್ಲ ಅಣ್ಣಾ. ಸರ ಎಳ್ದೆ... ಆ ಮುದ್ಕಿ ಬಿಡ್ಲಿಲ್ಲ. ತಲೆ ಕಲ್ಲಿಗೆ ಬಡೀತು. ಆ ಸದ್ದು ಇನ್ನೂ ಕಿವಿಯಿಂದ ಓಗಿಲ್ಲ."

"ವೇಣು ಒಳಗವ್ನೆ."

"ಗೊತ್ತು."

"ಬಾ. ಬಂದು ಏಳು."

"ಬತ್ತೀನಿ. ಎಲ್ಲಾ ಏಳ್ತೀನಿ. ಕೀ ಯಾರು ಕೊಟ್ರು ಅಂತಾನೂ ಏಳ್ತೀನಿ. ನಾವು ಎತ್ತಿದ ಮಾಲೂರಿನ ಗಾಡಿ, ಕಾಮಸಮುದ್ರದ ಗಾಡಿ... ಯಾವ್ದೂ ಬಿಡಲ್ಲ. ಸರೀನಾ?"

ನನ್ನ ಕೈ ಸಡಿಲವಾಯಿತು. ಒಂದೇ ಒಂದು ಉಸಿರಿನಷ್ಟು ಹೊತ್ತು. ಅವನಿಗೆ ಅಷ್ಟು ಸಾಕಾಯಿತು.

ನನ್ನನ್ನು ಪಕ್ಕಕ್ಕೆ ಉರುಳಿಸಿ ಕೆಳಗೆ ಓಡಿದ. ನಾನೂ ಓಡಿದೆ. ಜಾರಿದೆ, ಎದ್ದೆ, ಮತ್ತೆ ಓಡಿದೆ. ಅವನು ನನ್ನ ಬೈಕಿನ ಹತ್ತಿರ ಮೊದಲು ಸೇರಿದ. ನನ್ನ ಬೈಕಿಗೂ ಹನ್ನೆರಡು ವರ್ಷ ವಯಸ್ಸು. ಅವನ ಕೈಯಲ್ಲಿ ನಾನೇ ಕೊಟ್ಟ ಕೀ. ನಾಲ್ಕೇ ಸೆಕೆಂಡು. ಧೂಳೆಬ್ಬಿಸಿಕೊಂಡು ಆಂಧ್ರದ ರಸ್ತೆಯ ಕಡೆಗೆ ಹೋಗಿಬಿಟ್ಟ. ನಾನು ಎಸೆದ ಕಲ್ಲು ಅವನ ಬೆನ್ನಿಗೂ ತಾಗಲಿಲ್ಲ.

ಬರೆದುಕೊಳ್ಳಿ ಸಾರ್. ಹ್ಯಾಂಡ್ ಲಾಕ್ ಹಾಕಿ, ಹಾಕಿದ ಮೇಲೆ ಹ್ಯಾಂಡಲ್ ಒಂದು ಸಲ ಅಲುಗಾಡಿಸಿ ನೋಡಿ. ಆದರೆ ಅದೊಂದನ್ನೇ ನಂಬಬೇಡಿ. ಮುಂದಿನ ಚಕ್ರಕ್ಕೆ ಸರಪಳಿ ಹಾಕಿ, ಸರಪಳಿಯನ್ನು ಕಂಬಕ್ಕೆ ಸೇರಿಸಿ ಬೀಗ ಜಡಿಯಿರಿ. ಲಾಕ್ ಸವೆದು ಕೀ ಸಡಿಲ ಆಡುತ್ತಿದ್ದರೆ ಇಡೀ ಸೆಟ್ ಬದಲಾಯಿಸಿ. ಊರಿಗೆಲ್ಲ ಇದನ್ನು ಹೇಳುವ ನಾನು ಅವತ್ತು ಲಾಕೂ ಹಾಕಿರಲಿಲ್ಲ, ಸರಪಳಿಯೂ ಹಾಕಿರಲಿಲ್ಲ. ಗಡಿಬಿಡಿಯಲ್ಲಿದ್ದೆ. ಬೈಕ್ ಕಳೆದುಕೊಂಡವರೆಲ್ಲ ಹೇಳುವುದು ಇದೇ ಮಾತು.

ಕಳ್ಳ ಕೈ ತಪ್ಪಿದ. ಬೈಕ್ ಹೋಯಿತು. ಮೂರು ಗಂಟೆ ದಾಟಿತ್ತು.

ಅರ್ಧ ಗಂಟೆ ನಡೆದ ಮೇಲೆ ಆಟೋ ಸಿಕ್ಕಿತು.

"ಬಂಗಾರಪೇಟೆ. ಎಷ್ಟು ಜೋರಾಗಿ ಓಗಕ್ಕಾಗುತ್ತೋ ಅಷ್ಟು ಜೋರಾಗಿ ಓಗು."

"ರಕ್ತ ಬತ್ತಾ ಅದೆ. ಆಸ್ಪತ್ರೆಗಾ?"

"ಸ್ಟೇಷನ್‌ಗೆ."

ಅವನು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ. ಆಟೋ ಹಾರುತ್ತಿತ್ತು. ನನ್ನ ತಲೆಯೊಳಗೆ ಬೇರೆಯದೇ ಓಡುತ್ತಿತ್ತು. ಇಳಿದು ಮನೆಗೆ ಹೋಗಿಬಿಡಬಹುದು. ಯಾರೂ ಕೇಳುವುದಿಲ್ಲ. ಪ್ರಯತ್ನ ಪಟ್ಟೆ, ಆಗಲಿಲ್ಲ ಅಂದರೆ ಆಯಿತು. ಭಯವಾಗುತ್ತಿತ್ತು ಸಾರ್. ಸೈಕಲ್ ಚೈನ್ ಬಿದ್ದಾಗ ಆಗದ ಭಯ.

ಫೋನ್ ಬಂತು. ಅಮ್ಮಾಜಮ್ಮ.

"ವ್ಯಾನ್ ಬಂದು ನಿಂತದೆ ನಾಯ್ನಾ. ಉಡುಗನ್ನ ಎಬ್ಬಿಸ್ತಾವ್ರೆ."

"ಬತ್ತಿದೀನಮ್ಮಾ."

ಬಾಯಿಂದ ಬಂದುಹೋಗಿತ್ತು. ಆಮೇಲೆ ಆಟೋ ಇಳಿಯಲು ಮನಸ್ಸಾಗಲಿಲ್ಲ.

ಸ್ಟೇಷನ್ ತಲುಪಿದಾಗ ನಾಲ್ಕು ನಲವತ್ತು. ವೇಣುವನ್ನು ಆಗ ಮೊದಲ ಸಲ ನೋಡಿದೆ. ಇಪ್ಪತ್ತೈದು ಇಪ್ಪತ್ತಾರರ ಆಳು. ಮೂಟೆ ಹೊತ್ತು ಗಟ್ಟಿಯಾದ ಹೆಗಲು. ಆದರೆ ವ್ಯಾನಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹತ್ತಲು ಒಪ್ಪುತ್ತಿರಲಿಲ್ಲ.

ಎಸ್.ಐ. ಆದಿನಾರಾಯಣ ಟೋಪಿ ಹಾಕಿಕೊಳ್ಳುತ್ತಾ ಹೊರಗೆ ಬಂದ.

"ಸಾರ್, ಐದು ನಿಮಿಷ ಕೊಡಿ."

"ಯಾರಯ್ಯಾ ನೀನು?"

"ಲಾಕ್ ಒಡೀದೆ ಬೇರೆಯವನು ಗಾಡಿ ತಗೊಂಡೋಗಕ್ಕೆ ಆಗಲ್ಲ ಅಂತ ಇವನನ್ನ ಇಡ್ಕೊಂಡಿದ್ದೀರಾ."

"ಹೌದು. ಆಗುತ್ತೇನು?"

"ನಿಮ್ ಸ್ವಂತ ಗಾಡಿ ಯಾವ್ದು ಸಾರ್?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹರಿದ ಅಂಗಿ, ಮೈಯೆಲ್ಲ ಬೂದುಮಣ್ಣು. ಆಮೇಲೆ ಬೇವಿನ ಮರದ ಕೆಳಗಿದ್ದ ಬೈಕ್ ತೋರಿಸಿದ. ಹತ್ತು ವರ್ಷದ ಹಳೇ ಬೈಕ್. ದೇವರು ದೊಡ್ಡವನು.

"ನೀವೇ ಲಾಕ್ ಆಕಿ. ಕೀ ಜೇಬಲ್ಲಿ ಇಟ್ಕೊಳಿ. ಟೈಮ್ ನೋಡಿ."

ಆದಿನಾರಾಯಣ ಹೋಗಿ ಲಾಕ್ ಹಾಕಿದ. ಎರಡು ಸಲ ಅಲುಗಾಡಿಸಿ ನೋಡಿದ. ಕಾನ್‌ಸ್ಟೇಬಲ್‌ಗಳು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಗೇಟಿನ ಹತ್ತಿರ ಅಮ್ಮಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕೀ ತೆಗೆದೆ. ಆರು ವರ್ಷದಲ್ಲಿ ಒಂದು ಸಲವೂ ಅದನ್ನು ಪೊಲೀಸರ ಮುಂದೆ ತೆಗೆದಿರಲಿಲ್ಲ.

ಕ್ಲಿಕ್. ಹ್ಯಾಂಡಲ್ ನೇರವಾಯಿತು. ಎಂಜಿನ್ ಸ್ಟಾರ್ಟ್ ಆಯಿತು.

"ಒಂಬತ್ತು ಸೆಕೆಂಡ್," ಅಂದ ಒಬ್ಬ ಕಾನ್‌ಸ್ಟೇಬಲ್.

ಆದಿನಾರಾಯಣ ಬಗ್ಗಿ ಲಾಕ್ ನೋಡಿದ. ಒಂದು ಗೀರೂ ಇರಲಿಲ್ಲ. ತನ್ನ ಕೀ ಹಾಕಿ ತಿರುಗಿಸಿದ. ಸಲೀಸಾಗಿ ತಿರುಗಿತು. ಅವನ ಮುಖ ಕೆಂಪಾಯಿತು.

"ಲಾಕ್ ಹಾಕಿದ್ದೆ ಅಂತ ಇವನ್ಯಾಕೆ ಬರೆಸಿದ?"

"ಭಯಕ್ಕೆ ಸಾರ್. ಆ ಸ್ಟ್ಯಾಂಡಲ್ಲಿ ಯಾರೂ ಲಾಕ್ ಆಕಲ್ಲ. ಗೇಟ್ ಮೇಲೆ ಬೋರ್ಡೇ ಅದೆ. ಸ್ಟ್ಯಾಂಡ್‌ನೋನು ತಾನು ತಪ್ಪಿಸ್ಕೊಳಕ್ಕೆ ಇವನ ಕೈಲಿ ಸುಳ್ಳು ಬರ್ಸವ್ನೆ."

"ಇಂಥ ಕೀ ಇನ್ನು ಯಾರ ಹತ್ತಿರ ಇದೆ?"

"ವೆಂಕಿ ಅಂತ. ಆಂಡರ್ಸನ್‌ಪೇಟೆ. ಗಾಡಿ ಕದ್ದೋನೂ ಅವನೇ, ಸರ ಕಿತ್ತೋನೂ ಅವನೇ. ಈಗ ನನ್ ಗಾಡೀಲಿ ಓಡೋಗವ್ನೆ. ನಂಬರ್ ಬರ್ಕೊಳಿ."

"ಅವನಿಗೆ ಈ ಕೀ ಕೊಟ್ಟಿದ್ದು ಯಾರು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಯಾರೋ ಸತ್ತುಹೋದವನ ಹೆಸರು ಹೇಳಿದ್ದರೂ ನಡೆಯುತ್ತಿತ್ತು. ವೇಣು ನನ್ನನ್ನೇ ನೋಡುತ್ತಿದ್ದ. ಅವನ ತುಟಿ ಒಣಗಿ ಸೀಳಿತ್ತು. ಒಂದು ಸಣ್ಣ ಸುಳ್ಳಿಗೆ ಅವನಿಗೆ ಆದದ್ದು ಕಣ್ಣ ಮುಂದೆಯೇ ಇತ್ತು.

"ನಾನೇ ಸಾರ್. ಮಾಡಿದ್ದೂ ನಾನೇ, ಕೊಟ್ಟಿದ್ದೂ ನಾನೇ."

ಆದಿನಾರಾಯಣ ಗಡಿಯಾರ ನೋಡಿದ. "ಇವನನ್ನ ಹಿಡಿದು ತಂದದ್ದು ನಿನ್ನೆ ಆರಕ್ಕೆ. ಇಪ್ಪತ್ನಾಲ್ಕು ಗಂಟೆಯೊಳಗೆ ಕೋರ್ಟಿಗೆ ಒಪ್ಪಿಸಿದರೆ ಸಾಕು, ಇನ್ನೂ ಒಂದು ಗಂಟೆ ಟೈಮ್ ಇದೆ. ವ್ಯಾನ್ ನಿಲ್ಲಿಸಿ." ಆಮೇಲೆ ಫೋನ್ ಎತ್ತಿಕೊಂಡು ನನ್ನ ಬೈಕಿನ ನಂಬರ್ ಹೇಳತೊಡಗಿದ.

ಐದೂ ಇಪ್ಪತ್ತಕ್ಕೆ ಸುದ್ದಿ ಬಂತು. ನೇರ ಆಂಧ್ರಕ್ಕೆ ಹೋಗಿದ್ದರೆ ವೆಂಕಿ ಬಚಾವಾಗುತ್ತಿದ್ದ. ಅರ್ಧ ದಾರಿಯಿಂದ ವಾಪಸ್ ಬಂದಿದ್ದ, ಹೆಂಡತಿಗೆ ಒಂದು ಮಾತು ಹೇಳಿ ಹೋಗಲು. ಮನೆ ಬಾಗಿಲಲ್ಲೇ ಹಿಡಿದರು. ಅಕ್ಕಯ್ಯಮ್ಮನ ಸರ ಅವನ ಜೇಬಿನಲ್ಲೇ ಇತ್ತು. ಕೇಳಿದ್ದಕ್ಕೆಲ್ಲ ಒಪ್ಪಿಕೊಂಡನಂತೆ. ಕೇಳದೆ ಇದ್ದದ್ದನ್ನೂ ಹೇಳಿದನಂತೆ... ಮಾಲೂರು, ಕಾಮಸಮುದ್ರ, ಎಲ್ಲವನ್ನೂ.

ವೇಣುವಿನ ಹತ್ತಿರ ಸಹಿ ಮಾಡಿಸಿಕೊಂಡು ಬಿಟ್ಟರು. ಯಾರೋ ನೀರು ಕೊಟ್ಟರು. ಒಂದೇ ಗುಟುಕಿಗೆ ಇಡೀ ಬಾಟಲ್ ಕುಡಿದ. ಅದನ್ನು ನೋಡಿ ನನಗೂ ಸಮಾಧಾನ ಆಯಿತು. ಬಹಳ ವರ್ಷಗಳ ನಂತರ ಆದ ಸಮಾಧಾನ.

"ನೀನು ಅಲ್ಲಿ ಕೂತ್ಕೋ," ಅಂದ ಆದಿನಾರಾಯಣ. ಒಬ್ಬ ಕಾನ್‌ಸ್ಟೇಬಲ್ ಬೀರುವಿನಿಂದ ಪತ್ತೆಯಾಗದ ಬೈಕ್ ಕೇಸುಗಳ ಫೈಲ್ ತೆಗೆಯುತ್ತಿದ್ದ. ಒಂದಲ್ಲ, ಒಂದು ಕಂತೆ.

ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಅಮ್ಮಾಜಮ್ಮ ಕೈಯಲ್ಲಿ ಚೀಲ ಹಿಡಿದು, ಮಗನನ್ನು ಕರೆದುಕೊಂಡು ಒಳಗಿಂದ ಬಂದಳು. ನನ್ನ ಮುಂದೆ ಒಂದು ಗಳಿಗೆ ನಿಂತಳು. ನನ್ನನ್ನು ದಾಟಿ ಹೋಗುವಾಗ, ನನ್ನ ಕಡೆಯ ಕೈಯಲ್ಲಿದ್ದ ಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಂಡಳು.

ಸರಿಯಾಗಿಯೇ ಮಾಡಿದಳು ಸಾರ್. ಕಳ್ಳನ ಪಕ್ಕ ಹೇಗೆ ದಾಟಬೇಕು ಅಂತ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.